ಕಸ ಯಾರು ಹೊಡೀತಾರ?

ಬೀದರದ ಗುಂಪಾದಾಗ, ಸೈಕಲ್ ಅಂಗಡಿ ಮ್ಯಾಲಿನ ಖೋಲಿಯೊಳಗ
ಐತವಾರ ನಾಕಕ್ಕ ನನ್ನ ಕ್ಲಾಸು.
ಬಂದವರು ಐದು ಮಂದಿ, ಒಬ್ಬಾವ ಬರೀ ಫ್ಯಾನಿನ ಗಾಳಿಗಿ ಬಂದಾವ.
ಹಲಗಿ ಮ್ಯಾಲ ಬರದೆ: ಸರ್ವರ್, ಒಕ್ಕೂಟ, ವಿಕೇಂದ್ರಿತ.
ವಿಕೇಂದ್ರಿತ ಅಂದಕೂಡ್ಲೆ
ಹಿಂದಿನ ಬೆಂಚಿನಾಗ ಒಂದು ಆಕಳಿಕಿ ಎದ್ದು
ಮುಂದಿನ ಬೆಂಚಿಗಿ ಬಂತು.

ಜಗದೇವಿ ಹಳ್ಳಿಖೇಡೆ, ವಯಸ್ಸು ಎಪ್ಪತ್ತೊಂದು,
ಫೋನು ಕರವಸ್ತ್ರದಾಗ ಸುತ್ತಿ ತಂದಿದ್ರು.
ಬಿಚ್ಚಿ ತೋರಿಸಿದ್ರು,
ಎಂಟು ದಿನದಿಂದ ಒಂದೇ ಮಾತಿನ ಮುಂದ ನಿಂತದ:
'ನಿಮ್ಮ ಸರ್ವರ್ ಆರಿಸಿ.'
ಕೆಳಗ ನೂರಾರು ಹೆಸರು, ಒಂದಕ್ಕೂ ಮುಖ ಇಲ್ಲ.
"ಸೀರಿ ಅಂಗಡ್ಯಾಗ ಕುಂತಂಗಾಗ್ಯದ ತಮ್ಮಾ,
ಅವ ಬಿಚ್ಚಿ ಬಿಚ್ಚಿ ಒಗೀತಾನ,
ನಾ ಏನು ನೋಡಲಿ? ಬಣ್ಣೋ, ಅಂಚೋ, ಬಾಳಿಕಿಯೋ?"

ಹಲಗಿ ಒರಸಿ ಚಿತ್ರ ತಗದೆ,
ದುಂಡಗ ದುಂಡಗ ಮನಿ, ನಡುವ ಗೆರಿ.
"ಇದರ ಮಾಲಕ ಯಾರು?"
"ಎಲ್ಲಕ್ಕೂ ಸೇರಿ ಒಬ್ಬ ಅಂತ ಇಲ್ರಿ ಮೌಶಿ. ಅದೇ ಇದರ ಸೊಗಸು."
"ಹಂಗಾದ್ರ ಕಸ ಯಾರು ಹೊಡೀತಾರ?"

ಮೂರು ವರ್ಷದಾಗ ಯಾರೂ ಕೇಳಿರಲಿಲ್ಲ.
ನಾನೂ ಹೇಳಿರಲಿಲ್ಲ.
ಹೇಳಿದೆ, ಹುಮನಾಬಾದದ ಲೈನ್‌ಮನ್ ವಕಾರ್‌ನ ಸುದ್ದಿ:
ಅಟ್ಟದ ಮ್ಯಾಲ, ಉಳ್ಳಾಗಡ್ಡಿ ಚೀಲದ ಬಾಜೂಕ
ಒಂದು ಹಳೀ ಕಂಪ್ಯೂಟರ್,
ಎರಡುನೂರಾ ಹತ್ತು ಮಂದಿಯ ಮನಿ ಅದು.
ಅಲ್ಲಿ ಕರೆಂಟ್ ಹೋದ್ರ ನಮ್ಮೆಲ್ಲಾರ ಮಾತೂ ಹೋಗ್ತದ.
ಹೊಲಸು ಬೈದವನ್ನ ನಡುರಾತ್ರಿ ಎದ್ದು ಅವನೇ ಹೊರಗ ಹಾಕ್ತಾನ.
ತಿಂಗಳ ಖರ್ಚಿಗಿ ಒಂದು ಡಬ್ಬಿ ಇಟ್ಟಾನ,
ಹಾಕಾವ್ರು ಹಾಕ್ತಾರ.

ಮೌಶಿ ಸುಮ್ಮನಾದ್ರು. ಆಮ್ಯಾಲ ಕೈ ಎತ್ತಿ
ಗಾಳಿಯೊಳಗ ಏನೋ ಚುಚ್ಚಿದ್ರು,
ಎಡಕ್ಕೊಂದು, ಬಲಕ್ಕೊಂದು.
"ಎಕ್ಸ್‌ಚೇಂಜ್ ಅನ್ನಬೇಕಿಲ್ಲೋ!"

ಭಾಲ್ಕಿ ಟೆಲಿಫೋನ್ ಆಫೀಸಿನಾಗ ಹನ್ನೊಂದು ವರ್ಷ
ಅವರ ಕಿವಿ ಮ್ಯಾಲ ಕಬ್ಬಿಣದ ಕಮಾನು.
ಭಾಲ್ಕಿಗಿ ಭಾಲ್ಕಿ ಬೋರ್ಡು, ಔರಾದಕ್ಕ ಔರಾದ ಬೋರ್ಡು,
ಒಂದರ ಕೀಲಿ ಇನ್ನೊಂದಕ್ಕ ಹತ್ತಲ್ಲ.
ಆದ್ರೂ ತೊಗರಿ ದಲಾಲಿ
ಔರಾದದ ಬೀಗರ ಜೋಡಿ ಮಾತಾಡ್ಲಕ್ಕ
ಗಂಟುಮೂಟಿ ಕಟ್ಟಿ ಔರಾದಕ್ಕ ಹೋಗಿ ಇರಬೇಕಿರಲಿಲ್ಲ,
ವಾಯರ್ ಚುಚ್ಚಬೇಕು, ಅಷ್ಟೆ.
"ಊರ ಹೆಸರು ಬಿಟ್ಟು ಬರೀ ನಂಬರ್ ಹೇಳಿದ್ರ
ನಾ ಎಲ್ಲಿ ಅಂತ ಜೋಡಸ್ಲಿ?
ಬೀದರದಾಗೂ ನಲವತ್ತೆರಡು ಅದ, ಹುಮನಾಬಾದದಾಗೂ ಅದ."
ಹೆಸರಿನ ಬೆನ್ನಿಗಿ ಮತ್ತೊಂದು ಹೆಸರು ಯಾಕ ಅಂತ
ಮುಂದ ಹೇಳಬೇಕಂತ ಮಾಡಿದ್ದೆ. ಬಾಯಿ ಮುಚ್ಚಿದೆ.
ಹಳ್ಳಿಖೇಡೆ ಅವರಿಗಿ ಅದನ್ನ ನಾ ಹೇಳೂದೇನು.

ಮನಿ ಬದಲಿ ಮಾಡಿದ್ರ? ಅದನ್ನೂ ಕೇಳಿದ್ರು.
ಖರೆ ಹೇಳಿದೆ: ಗುರುತಿನ ಮಂದಿ ಬೆನ್ನ ಹತ್ತಿ ಬರ್ತಾರ,
ಬರದಿಟ್ಟ ಮಾತು ಹಳೀ ಗ್ವಾಡಿಗೇ ಉಳೀತಾವ.
"ಇರ್ಲಿ ಬಿಡು," ಅಂದ್ರು, ಗಾಜು ಸೆರಗಿಲೆ ಒರಸಿ,
"ಹನ್ನೊಂದು ವರ್ಷ ಕೇಳಿದ್ದೆಲ್ಲಾ ಮಂದಿ ಮಾತೇ,
ಎಲ್ಲಿ ಇಟ್ಕೊಂಡೀನಿ?"

ವಕಾರ್‌ನ ಮನಿಯೇ ಆರಿಸಿದ್ರು,
ಕಸ ಹೊಡಿಯಾವ್ನ ಹೆಸರು ಗೊತ್ತಾತಲ್ಲ ಅಂತ.
ಒಂದೊಂದೇ ಅಕ್ಷರ ಒತ್ತಿ ಮೊದಲ ಸಾಲು ಬರದ್ರು:
"ಭಾಲ್ಕಿ. ಹೇಳ್ರಿ."

ಯಾರೂ ಹೇಳಲಿಲ್ಲ. ಐದು ನಿಮಿಷ, ಹತ್ತು.
ನನಗ ನಾಚಿಕಿ,
ಖಾಲಿ ವಾಡೆ ತೋರಿಸಿ ಬಾಡಿಗಿ ಕೇಳಿದಂಗ.
ಅವರಿಗಿ ಏನೂ ಇಲ್ಲ.
ರಾತ್ರಿ ಪಾಳಿ ಹಿಂಗೇ ಇರ್ತಿತ್ತಂತ,
ಬೋರ್ಡಿನ ಮ್ಯಾಲ ಒಂದು ದೀಪ ಹತ್ತೋ ತನಕ
ಸ್ವೆಟರ್ ಹೆಣಿತಿದ್ರಂತ. ತೋಳು ಮುಗಿಯೂದ್ರಾಗ
ಯಾರಾದ್ರೂ ಒಬ್ಬರು ಹಲೋ ಅಂತಿದ್ರು.

ಎಲ್ಲಾರೂ ಇಳದು ಹೋದ್ರು. ನಾ ಹಲಗಿ ಪೂರಾ ಒರಸಿದೆ.
ಬರೂ ಐತವಾರ ಏನು ಬರೀಬೇಕು ತಿಳೀಲಿಲ್ಲ,
ಈಗಿನ ಹುಡುಗರು ಎಕ್ಸ್‌ಚೇಂಜ್ ಕಂಡಿಲ್ಲ.
ತಿರುಗಿ ನೋಡಿದ್ರ ಫ್ಯಾನಿನಾವ ಇನ್ನಾ ಅಲ್ಲೇ ಕುಂತಾನ.
ಎದ್ದ, ಪೈಜಾಮದ ಧೂಳು ಝಾಡಿಸಿದ, ಕೇಳಿದ:
"ಆ ಲೈನ್‌ಮನ್ನಂದು
ಡಬ್ಬಿ ಅಂದ್ರಲ್ಲ,
ಅದು ಎಲ್ಲಿ ಅದ?"